‘ಓಟಿಪಿ ಯಾರಿಗೂ ಹೇಳಿಲ್ಲ ಕಣೋ’: ಖಾತೆಯಿಂದ ಹೋದ ದುಡ್ಡು ಎಲ್ಲಿಗೆ ಹೋಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಪೀಠಿಕೆ ಏನೂ ಇಲ್ಲ, ನೇರವಾಗಿ ನಮ್ಮ ಚಿಕ್ಕಮ್ಮನ ಕಥೆಗೇ ಬರ್ತೀನಿ. ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ‘ಹೆಸರು ಮಾತ್ರ ಹಾಕ್ಬೇಡ, ಮಿಕ್ಕಿದ್ದು ಹೇಳು, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ’ ಅಂದಿದ್ದಾರೆ.

ಕಳೆದ ವರ್ಷ ಗೌರಿ ಹಬ್ಬಕ್ಕೆ ಮೂರು ದಿನ ಇತ್ತು. ಶನಿವಾರ. ಬೆಳಿಗ್ಗೆ 11 ಗಂಟೆ ದಾಟಿತ್ತು, ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ. ತಿಪಟೂರಿನಿಂದ ಚಿಕ್ಕಮ್ಮನ ಫೋನು. ಧ್ವನಿ ತುಂಬ ಸಣ್ಣಗಿತ್ತು. ‘ಮಗಾ, ನಾನು ಓಟಿಪಿ ಯಾರಿಗೂ ಹೇಳಿಲ್ಲ ಕಣೋ. ಯಾರೂ ಫೋನೂ ಮಾಡಿಲ್ಲ. ಆದ್ರೂ ಅಕೌಂಟಲ್ಲಿ ನಲವತ್ತೆಂಟು ಸಾವಿರ ಇಲ್ಲ. ನಿಮ್ಮ ಚಿಕ್ಕಪ್ಪನಿಗೆ ಹೇಳ್ಬೇಡ.’

ನಲವತ್ತೆಂಟು ಸಾವಿರ. ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡು. ಮಗಳ ಹಾಸ್ಟೆಲ್ ಫೀಸಿಗೆ ಅಂತ ಇಟ್ಟಿದ್ದು.

ಆಮೇಲೆ ನಿಧಾನಕ್ಕೆ ಗೊತ್ತಾದ ವಿಷಯ ಹೇಳ್ತೀನಿ. ಬೆಳಿಗ್ಗೆ ಅವರ ವಾಟ್ಸ್‌ಆ್ಯಪ್‌ಗೆ ಒಂದು ಮೆಸೇಜು ಬಂದಿತ್ತು. ‘ನಿಮ್ಮ ಸ್ಕೂಟರ್ ಮೇಲೆ ಟ್ರಾಫಿಕ್ ದಂಡ ಬಾಕಿ ಇದೆ, 500 ರೂಪಾಯಿ, ಈಗ ಕಟ್ಟಿದರೆ ಅರ್ಧ ರಿಯಾಯಿತಿ’ ಅಂತ. ಕೆಳಗೆ ಒಂದು ಫೈಲು. ನೀವು ನಗಬಹುದು, ಇದನ್ನೆಲ್ಲ ಯಾರು ನಂಬ್ತಾರೆ ಅಂತ. ನಗಬೇಡಿ. ನಮ್ಮ ರಾಜ್ಯ ಸರ್ಕಾರ ಟ್ರಾಫಿಕ್ ದಂಡಕ್ಕೆ ಶೇಕಡ 50 ರಿಯಾಯಿತಿಯನ್ನ ನಿಜವಾಗಿಯೂ ಕೊಡುತ್ತೆ. 2023ರಲ್ಲಿ ಕೊಟ್ಟಿತ್ತು, 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೂ ಕೊಡ್ತು. ಆ ವಾರ ಟೀವಿಯಲ್ಲಿ, ಪೇಪರಿನಲ್ಲಿ ಅದೇ ಸುದ್ದಿ. ಕಳ್ಳರೂ ಪೇಪರ್ ಓದ್ತಾರೆ. ಓದಿ ಅವತ್ತಿನ ಸುದ್ದಿಗೆ ತಕ್ಕ ಬಲೆ ಹೆಣೀತಾರೆ. ಚಿಕ್ಕಮ್ಮನ ಸ್ಕೂಟರ್ ಮೇಲೆ ಹೆಲ್ಮೆಟ್ ಕೇಸು ಇದ್ದಿದ್ದೂ ನಿಜ. ಹಾಗಾಗಿ ಅನುಮಾನವೇ ಬರಲಿಲ್ಲ.

ಫೈಲಿನ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಅಂತಿತ್ತು. ಈ ಮೂರಕ್ಷರ ನೆನಪಿಟ್ಟುಕೊಳ್ಳಿ. ಪಿಡಿಎಫ್ ಅಂದ್ರೆ ಓದೋ ಕಾಗದ, ಜೆಪಿಜಿ ಅಂದ್ರೆ ಫೋಟೋ, ಎಪಿಕೆ ಅಂದ್ರೆ ಆಂಡ್ರಾಯ್ಡ್ ಫೋನಿನೊಳಗೆ ಕೂತ್ಕೊಳ್ಳೋ ಒಂದು ಇಡೀ ಆ್ಯಪ್. ದಂಡದ ರಸೀದಿ, ಮದುವೆ ಕರೆಯೋಲೆ, ಕರೆಂಟ್ ಬಿಲ್ಲು, ಬ್ಯಾಂಕಿನ ಕೆವೈಸಿ, ಇವು ಯಾವುದೂ ಎಪಿಕೆ ರೂಪದಲ್ಲಿ ವಾಟ್ಸ್‌ಆ್ಯಪ್‌ಗೆ ಬರೋದಿಲ್ಲ. ಬಂತು ಅಂದ್ರೆ ಕಳಿಸಿದವರು ನಿಮ್ಮ ಸೋದರಮಾವನೇ ಆಗಿದ್ರೂ ಮುಟ್ಟಬೇಡಿ. ಯಾಕಂದ್ರೆ ಮಾವನ ಫೋನು ಆಗಲೇ ಕಳ್ಳರ ಕೈಯಲ್ಲಿರಬಹುದು, ಅವರ ನಂಬರಿನಿಂದ ಅದೇ ಫೈಲು ಎಲ್ಲ ಗ್ರೂಪಿಗೂ ತಾನಾಗಿಯೇ ಹೋಗ್ತಿರಬಹುದು.

ಚಿಕ್ಕಮ್ಮ ಒತ್ತಿದ್ರು. ‘ಅಪರಿಚಿತ ಮೂಲದಿಂದ ಇನ್‌ಸ್ಟಾಲ್ ಮಾಡಬೇಕೇ’ ಅಂತ ಫೋನು ಕೇಳಿತು. ಹೂಂ ಅಂದ್ರು. ಎಸ್‌ಎಂಎಸ್ ಓದಲು ಅನುಮತಿ ಕೊಡ್ತೀರಾ ಅಂತು. ಅದಕ್ಕೂ ಹೂಂ. ನಾವೆಲ್ಲ ಹಾಗೇ ಅಲ್ವಾ, ಯಾವ ಆ್ಯಪ್ ಹಾಕಿದ್ರೂ ಅಲೋ, ಅಲೋ, ಅಲೋ ಅಂತ ಒತ್ತುತ್ತಾ ಹೋಗ್ತೀವಿ. ಆಮೇಲೆ ಸರ್ಕಾರಿ ಲಾಂಛನ ಇರೋ ಒಂದು ಪುಟ ತೆರೀತು. 250 ರೂಪಾಯಿ ಕಟ್ಟಿ ಅಂತ ಕಾರ್ಡ್ ನಂಬರು, ಅವಧಿ ಮುಗಿಯೋ ದಿನಾಂಕ, ಹಿಂದೆ ಇರೋ ಮೂರು ಅಂಕಿ, ಕೊನೆಗೆ ಎಟಿಎಂ ಪಿನ್ನು, ಎಲ್ಲ ತುಂಬಿಸಿಕೊಳ್ತು. ‘ಪೇಮೆಂಟ್ ವಿಫಲವಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಅಂತ ತೋರಿಸಿ ಮುಚ್ಚಿಕೊಳ್ತು. ಸರ್ವರ್ ಡೌನ್ ಇರ್ಬೇಕು ಅಂತ ಇವರು ಬ್ಯಾಗ್ ಹಿಡ್ಕೊಂಡು ಸಂತೆಗೆ ಹೊರಟರು.

ಅಷ್ಟರಲ್ಲಿ ಆ ಕಡೆ ಏನಾಯ್ತು ನೋಡಿ. ಕಾರ್ಡಿನ ವಿವರ ಅವರ ಕೈಗೆ ಸಿಕ್ಕಿದೆ. ಚಿಕ್ಕಮ್ಮನ ಫೋನಿಗೆ ಬರೋ ಪ್ರತಿ ಎಸ್‌ಎಂಎಸ್ ಅವರಿಗೂ ಹೋಗ್ತಿದೆ. ಇವೆರಡೂ ಇದ್ದ ಮೇಲೆ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಾಯಿಸೋಕೆ ಬೇರೆ ಏನು ಬೇಕು? ಓಟಿಪಿ ಬಂತು, ಆ್ಯಪ್ ಅದನ್ನ ಓದಿ ರವಾನಿಸಿ, ಇವರ ಕಣ್ಣಿಗೆ ಬೀಳದ ಹಾಗೆ ಮಾಡಿತು. ‘ಓಟಿಪಿ ಯಾರಿಗೂ ಹೇಳಿಲ್ಲ ಕಣೋ’ ಅಂದಿದ್ದು ಸುಳ್ಳಲ್ಲ. ಹೇಳೋ ಅಗತ್ಯವೇ ಇರಲಿಲ್ಲ. ವರ್ಷಗಟ್ಟಲೆ ನಾವು ಅಪ್ಪ-ಅಮ್ಮಂದಿರಿಗೆ ‘ಓಟಿಪಿ ಹೇಳ್ಬೇಡಿ’ ಅನ್ನೋ ಒಂದೇ ಪಾಠ ಹೇಳಿಕೊಟ್ಟಿದ್ದೀವಿ. ಅವರು ಅದನ್ನ ಚೆನ್ನಾಗಿ ಕಲಿತಿದ್ದಾರೆ. ಪಾಠವೇ ಹಳೇದಾಗಿದೆ.

ಈಗ ಗಡಿಯಾರದ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ಈ ಕಥೆಯಲ್ಲಿ ಎಲ್ಲ ನಡೆದಿದ್ದು ಗಡಿಯಾರದ ಮೇಲೆ. ಮೊದಲ 25,000 ಹೋಗಿದ್ದು 10.20ಕ್ಕೆ. ಉಳಿದ 23,000 ಎರಡು ನಿಮಿಷ ಬಿಟ್ಟು. 10.35ಕ್ಕೆ ತರಕಾರಿ ಅಂಗಡಿಯಲ್ಲಿ 140 ರೂಪಾಯಿ ಸ್ಕ್ಯಾನ್ ಮಾಡಿದಾಗ ‘ಬ್ಯಾಲೆನ್ಸ್ ಸಾಲದು’ ಅಂತ ಬಂತು. ನೆಟ್‌ವರ್ಕ್ ತೊಂದರೆ ಇರ್ಬೇಕು ಅಂದ್ಕೊಂಡು ಇನ್ನೆರಡು ಸಲ ಪ್ರಯತ್ನಪಟ್ಟರು. ಅಂಗಡಿಯವನು ‘ಆಮೇಲೆ ಕೊಡಿ ಅಕ್ಕಾ’ ಅಂದ. ಮನೆಗೆ ಬಂದು ನೋಡಿದ್ರೆ ಖಾತೆ ಖಾಲಿ. ಕೈಕಾಲು ನಡುಗೋಕೆ ಶುರು. ಬ್ಯಾಂಕಿಗೆ ಓಡಿದ್ರು. ಅವತ್ತು ನಾಲ್ಕನೇ ಶನಿವಾರ, ಬಾಗಿಲು ಮುಚ್ಚಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡ್ರಂತೆ. ಎಷ್ಟು ಹೊತ್ತು ಅಂತ ಅವರಿಗೇ ನೆನಪಿಲ್ಲ. ‘ನಿಮ್ಮ ಚಿಕ್ಕಪ್ಪ ಏನಂತಾರೋ ಅನ್ನೋದೊಂದೇ ತಲೇಲಿ ಓಡ್ತಿತ್ತು’ ಅಂತಾರೆ. ನನಗೆ ಫೋನ್ ಬಂದಿದ್ದು 11.10ಕ್ಕೆ.

ತಿಂಗಳು ಕಳೆದ ಮೇಲೆ ತುಮಕೂರಿನ ಪೊಲೀಸ್ ಠಾಣೆಯಲ್ಲಿ ಆ ದುಡ್ಡಿನ ಹಾದಿ ತೋರಿಸಿದ್ರು. 11.02ಕ್ಕೆ ಒಂದು ಎಟಿಎಂನಿಂದ 10,000, ಅದರ ಬೆನ್ನಿಗೇ 7,000. ಚಿಕ್ಕಮ್ಮ ಮುಚ್ಚಿದ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತಿದ್ದಾಗ ಬೇರೆ ಯಾವುದೋ ಊರಲ್ಲಿ ಯಾರೋ ಆ ನೋಟುಗಳನ್ನ ಎಣಿಸಿಕೊಳ್ತಿದ್ರು. ಆ 17,000 ಮತ್ತೆ ಬರಲಿಲ್ಲ.

ಫೋನ್ ಬಂದ ತಕ್ಷಣ ನಾನು ಮಾಡಿದ ಮೊದಲ ಕೆಲಸ ಒಂದು ತಪ್ಪು, ಅದನ್ನೂ ಹೇಳಿಬಿಡ್ತೀನಿ. ‘ಅಯ್ಯೋ ಚಿಕ್ಕಮ್ಮ, ಅಷ್ಟೂ ಗೊತ್ತಾಗಲ್ವಾ ನಿನಗೆ’ ಅಂದೆ. ಆ ಕಡೆ ಮಾತೇ ನಿಂತುಹೋಯ್ತು. ಮನೆಯಲ್ಲಿ ರೀಚಾರ್ಜ್ ಮಾಡೋದು, ಟಿಕೆಟ್ ಬುಕ್ ಮಾಡೋದು, ಆ್ಯಪ್ ಅಪ್‌ಡೇಟ್ ಮಾಡೋದು ಎಲ್ಲ ನಮ್ಮ ತಲೆ ಮೇಲೇ ಇರುತ್ತೆ, ಅಲ್ವಾ? ಈ ಸಂಚಿಕೆ ಕೇಳ್ತಿರೋ ನಿಮ್ಮಲ್ಲೂ ಬಹಳ ಜನ ಮನೆಯ ಐಟಿ ಡಿಪಾರ್ಟ್‌ಮೆಂಟೇ. ದುಡ್ಡು ಕಳ್ಕೊಂಡವರು ಮೊದಲು ಫೋನ್ ಮಾಡೋದು ನಮಗೆ. ಬೈತಾರೆ ಅಂತ ಅನ್ನಿಸಿದ್ರೆ ಫೋನ್ ಮಾಡೋದು ಅರ್ಧ ಗಂಟೆ ತಡ ಆಗುತ್ತೆ. ಆ ಅರ್ಧ ಗಂಟೆಯ ಬೆಲೆ ನಮ್ಮ ಮನೆಗೆ 17,000 ರೂಪಾಯಿ.

ಎರಡನೇ ತಪ್ಪು ಆಗೋದು ಸ್ವಲ್ಪದರಲ್ಲಿ ತಪ್ಪಿತು. ಚಿಕ್ಕಮ್ಮ ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನ ಗೂಗಲ್‌ನಲ್ಲಿ ಹುಡುಕಿ ಇಟ್ಕೊಂಡಿದ್ರು, ಹತ್ತಂಕಿಯ ಮೊಬೈಲ್ ನಂಬರು. ಆ ಥರ ಹುಡುಕಿದಾಗ ಸಿಗೋ ನಂಬರುಗಳಲ್ಲಿ ಕಳ್ಳರು ಹಾಕಿಟ್ಟಿರೋವೂ ಇರ್ತವೆ. ದುಡ್ಡು ಕಳ್ಕೊಂಡು ಗಾಬರಿಯಾಗಿ ಹುಡುಕೋರೇ ಅವರ ಎರಡನೇ ಬೇಟೆ. ಬ್ಯಾಂಕಿನ ನಂಬರು ನಿಮ್ಮ ಡೆಬಿಟ್ ಕಾರ್ಡಿನ ಹಿಂಭಾಗದಲ್ಲೇ ಇರುತ್ತೆ. ಈಗಲೇ ಅದನ್ನ ಫೋನಿನಲ್ಲಿ ಸೇವ್ ಮಾಡಿ, ಕಾರ್ಡ್ ಕಳೆದುಹೋದಾಗಲೂ ಬೇಕಾಗುತ್ತೆ. ಬ್ಯಾಂಕಿನ ವೆಬ್‌ಸೈಟಿಗೇ ಹೋಗ್ತೀರಾದ್ರೆ ವಿಳಾಸದ ಕೊನೆ ನೋಡಿ. ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ನಮ್ಮ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕಾಯ್ತು, 2025ರ ಅಕ್ಟೋಬರ್ 31 ಅದಕ್ಕೆ ಗಡುವು. ಆ ಹೆಸರು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗೋದಿಲ್ಲ.

ಸರಿ, ನಾವು ಮಾಡಿದ್ದು ಇಷ್ಟು. ಚಿಕ್ಕಮ್ಮನ ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿಸಿದೆ, ವೈಫೈನೂ ಆಫ್. ಆ ಆ್ಯಪ್ ಒಳಗೇ ಇರುವಾಗ ಅದೇ ಫೋನಿನಲ್ಲಿ ಪಾಸ್‌ವರ್ಡ್ ಬದಲಾಯಿಸಿದ್ರೆ ಹೊಸ ಪಾಸ್‌ವರ್ಡೂ ಅವರಿಗೇ. ಪಕ್ಕದ ಮನೆಯವರ ಫೋನಿನಿಂದ 1930ಕ್ಕೆ ಕರೆ ಮಾಡಿಸಿದೆ. ಲೈನ್ ಸಿಕ್ಕಿದ್ದು ಮೂರನೇ ಸಲಕ್ಕೆ. ಸಿಗಲಿಲ್ಲ ಅಂತ ಬಿಡಬೇಡಿ.

1930 ಅನ್ನೋದು ಗೊತ್ತಿರೋರು ಬಹಳ, ಅಲ್ಲಿ ಏನು ನಡೆಯುತ್ತೆ ಅಂತ ಗೊತ್ತಿರೋರು ಕಡಿಮೆ. ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ ಸೈಬರ್ ಅಪರಾಧಗಳಿಗೆ ಅಂತ ಒಂದು ಸಮನ್ವಯ ಕೇಂದ್ರ ಇದೆ, ಐ4ಸಿ ಅಂತಾರೆ. 2021ರಲ್ಲಿ ಪೊಲೀಸರನ್ನೂ ಬ್ಯಾಂಕುಗಳನ್ನೂ ಒಂದೇ ವ್ಯವಸ್ಥೆಗೆ ಜೋಡಿಸಿದ್ರು. ಆಗ ನಂಬರು 155260 ಇತ್ತು, ಆಮೇಲೆ ನೆನಪಿಡೋಕೆ ಸುಲಭ ಆಗ್ಲಿ ಅಂತ 1930 ಆಯ್ತು. ನೀವು ದೂರು ಹೇಳ್ತಿದ್ದ ಹಾಗೇ ಆ ಕಡೆಯವರು ಅದನ್ನ ಕಂಪ್ಯೂಟರಿಗೆ ಹಾಕ್ತಾರೆ. ಅದು ನಿಮ್ಮ ಬ್ಯಾಂಕಿಗೆ ಕಾಣಿಸುತ್ತೆ. ದುಡ್ಡು ಬೇರೆ ಬ್ಯಾಂಕಿಗೆ ದಾಟಿದ್ದರೆ ದೂರು ಆ ಬ್ಯಾಂಕಿಗೆ ಹೋಗುತ್ತೆ. ಅಲ್ಲಿ ದುಡ್ಡು ಇನ್ನೂ ಇದ್ರೆ ತಡೆ ಹಿಡೀತಾರೆ. ಅಲ್ಲಿಂದಲೂ ದಾಟಿದ್ದರೆ ಮುಂದಿನ ಬ್ಯಾಂಕಿಗೆ. ಹೀಗೆ ದುಡ್ಡು ಮುಂದೆ ಓಡ್ತಾ ಇರುತ್ತೆ, ದೂರು ಹಿಂದೆ ಓಡ್ತಾ ಇರುತ್ತೆ. ಎಟಿಎಂನಿಂದ ನೋಟಾಗಿ ಹೊರಗೆ ಬಂತು ಅಂದ್ರೆ ಓಟ ಮುಗೀತು.

ಅವರು ಕೇಳೋದು ಇಷ್ಟೇ: ಬ್ಯಾಂಕ್ ಯಾವುದು, ಖಾತೆ ನಂಬರು, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ಮತ್ತೆ ವಹಿವಾಟಿನ ನಂಬರು. ಯುಪಿಐ ಆದ್ರೆ ಅದು 12 ಅಂಕಿ, ಆ್ಯಪ್‌ನಲ್ಲಿ ಆ ಪೇಮೆಂಟ್ ತೆರೆದ್ರೆ ಕಾಣುತ್ತೆ. ಕಥೆಯನ್ನ ಮೊದಲಿಂದ ಹೇಳೋಕೆ ಹೋಗಬೇಡಿ, ನಮ್ಮ ಚಿಕ್ಕಮ್ಮ ಹೆಲ್ಮೆಟ್ ಕೇಸಿನಿಂದ ಶುರು ಮಾಡಿದ್ರು, ನಾನು ಇನ್ನೊಂದು ಲೈನಿನಲ್ಲಿ ಕೂಗಿಕೊಳ್ತಿದ್ದೆ. ನಂಬರುಗಳನ್ನ ಮೊದಲು ಕೊಡಿ. ಒಂದು ಸ್ವೀಕೃತಿ ನಂಬರು ಎಸ್‌ಎಂಎಸ್‌ನಲ್ಲಿ ಬರುತ್ತೆ. ಅದನ್ನಿಟ್ಟುಕೊಂಡು ಅವತ್ತೇ ಸೈಬರ್‌ಕ್ರೈಂ ಡಾಟ್ ಗೌ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಬೇಕು. ಅದರ ಜೊತೆಗೆ ಬ್ಯಾಂಕಿಗೂ ಬೇರೆಯಾಗಿ ದೂರು ಕೊಟ್ಟು ನಂಬರು ತಗೊಳ್ಳಬೇಕು. ಯಾಕೆ ಅಂತ ಮುಂದೆ ಹೇಳ್ತೀನಿ.

11.40ರ ಹೊತ್ತಿಗೆ ದೂರು ದಾಖಲಾಯ್ತು. ಮಿಕ್ಕ 31,000 ರೂಪಾಯಿ ಎರಡನೇ ಖಾತೆಯೊಂದರಲ್ಲಿ ಸಿಕ್ಕಿಬಿತ್ತು.

ಈಗ ಬ್ಯಾಂಕಿನ ವಿಷಯ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು, ಗ್ರಾಹಕರ ಒಪ್ಪಿಗೆ ಇಲ್ಲದೆ ದುಡ್ಡು ಹೋದ್ರೆ ನಷ್ಟ ಯಾರ ತಲೆ ಮೇಲೆ ಅಂತ. ಅದರ ತಿರುಳು ಹೀಗಿದೆ. ಬ್ಯಾಂಕಿನ ಲೋಪ ಇದ್ರೆ ನಿಮಗೆ ನಷ್ಟವೇ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಅಂದ್ರೆ, ಮಾಹಿತಿ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ರೆ ಆಗಲೂ ನಷ್ಟ ಇಲ್ಲ. 4ರಿಂದ 7 ದಿನ ಆಗಿದ್ರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ ಹೆಚ್ಚೆಂದರೆ 10,000 ರೂಪಾಯಿ ನಷ್ಟ. ಆದರೆ ನೀವೇ ಪಿನ್ನು, ಪಾಸ್‌ವರ್ಡು ಬಿಟ್ಟುಕೊಟ್ಟಿದ್ರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಪೂರ್ತಿ ನಿಮ್ಮದು. ತಿಳಿಸಿದ ಮೇಲೆ ಹೋಗೋ ಪ್ರತಿ ರೂಪಾಯಿ ಬ್ಯಾಂಕಿನದು. ದೂರಿನ ನಂಬರು, ಸಮಯ ಮುಖ್ಯ ಅಂದಿದ್ದು ಇದಕ್ಕೇ.

ಚಿಕ್ಕಮ್ಮನ ಪ್ರಕರಣದಲ್ಲಿ ಬ್ಯಾಂಕಿನವರು ‘ವಿವರ ನೀವೇ ತುಂಬಿದ್ದೀರಿ’ ಅಂತ ಕೈ ಎತ್ತಿದ್ರು. ನಿಯಮದ ಅಕ್ಷರಕ್ಕೆ ಅವರು ಹೇಳಿದ್ದು ಸರಿ ಇರಬಹುದು. ಆದರೂ ನನಗೆ ಒಂದು ಮಾತು ಅರ್ಥ ಆಗಲ್ಲ. ಆರು ವರ್ಷದಿಂದ ತರಕಾರಿ, ಹಾಲು, ಗ್ಯಾಸ್ ಬಿಟ್ಟು ಬೇರೇನಕ್ಕೂ ದುಡ್ಡು ಕಳಿಸದ ಒಂದು ಖಾತೆ, ಹೊಸ ಪಾಸ್‌ವರ್ಡ್ ಆದ ಹತ್ತೇ ನಿಮಿಷದಲ್ಲಿ ಹೊಸಬರಿಗೆ 48,000 ಕಳಿಸುತ್ತೆ. ಇದು ವಿಚಿತ್ರ ಅಂತ ಬ್ಯಾಂಕಿನ ಕಂಪ್ಯೂಟರಿಗೆ ಅನ್ನಿಸಲೇ ಇಲ್ವಾ? ಎಚ್ಚರಿಕೆಯ ಭಾರ ಎಲ್ಲಾ ಗ್ರಾಹಕರ ಮೇಲೇ ಯಾಕೆ? ನಿಮಗೂ ಬ್ಯಾಂಕಿನ ಉತ್ತರ ಸಮಾಧಾನ ತರದಿದ್ರೆ, ಅಥವಾ 30 ದಿನ ಆದ್ರೂ ಉತ್ತರವೇ ಬರದಿದ್ರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ಅಂತ ನಂಬರಿದೆ.

ತಪ್ಪೇ ಮಾಡದವರಿಗೂ ದುಡ್ಡು ಹೋಗುತ್ತೆ ಅನ್ನೋದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಕೆಲವರ ಖಾತೆಯಿಂದ ಹತ್ತತ್ತು ಸಾವಿರ ಹೋಗಿತ್ತು. ಓಟಿಪಿ ಇಲ್ಲ, ಪಿನ್ ಇಲ್ಲ. ನೋಂದಣಿ ದಾಖಲೆಯಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ನಂಬರನ್ನ ಎತ್ತಿ, ಹಳ್ಳಿಗಳಲ್ಲಿ ಬೆರಳಿಟ್ಟು ದುಡ್ಡು ತೆಗೆಯೋ ಎಇಪಿಎಸ್ ವ್ಯವಸ್ಥೆಯಲ್ಲಿ ಬಳಸಿದ್ರು. ಇದಕ್ಕೆ ಮದ್ದು ಎರಡು ನಿಮಿಷದ ಕೆಲಸ. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಬೇಕಾದಾಗ ತೆಗೀಬಹುದು. ಸೈಟು, ಮನೆ, ಜಮೀನು ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬಂದವರು ಮನೇಲಿದ್ರೆ ಅವರದ್ದು ಇವತ್ತೇ ಮಾಡಿಕೊಡಿ.

ಯುಪಿಐ ವಿಷಯದಲ್ಲಿ ಹೆಚ್ಚು ಹೇಳಲ್ಲ, ನಿಮಗೆ ಗೊತ್ತಿರೋದೇ. ಪಿನ್ನು ಬೇಕಾಗೋದು ದುಡ್ಡು ಕಳಿಸೋಕೆ, ಬ್ಯಾಲೆನ್ಸ್ ನೋಡೋಕೆ. ದುಡ್ಡು ಬರೋಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಹಳೇ ಸೋಫಾ ಮಾರೋಕೆ ಹಾಕಿದಾಗ ‘ಕ್ಯೂಆರ್ ಕಳಿಸಿದೀನಿ, ಸ್ಕ್ಯಾನ್ ಮಾಡಿ ದುಡ್ಡು ತಗೊಳ್ಳಿ’ ಅನ್ನೋನು ಸೋಫಾ ಕೊಳ್ಳೋಕೆ ಬಂದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ‘ದುಡ್ಡು ಕೊಡಿ’ ಅಂತ ಕಳಿಸ್ತಿದ್ದ ಕಲೆಕ್ಟ್ ರಿಕ್ವೆಸ್ಟ್‌ಗಳನ್ನ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ, ಅದೊಂದು ಕಾಟ ತಪ್ಪಿತು. ಅದರ ಜಾಗಕ್ಕೆ ಬೇರೆ ಬಂದಿದೆ. ನಿಮ್ಮ ಗೆಳೆಯ ನಂಬರ್ ಕೊಟ್ಟ ಅಂತ ಯಾರೋ ಮಾತಾಡ್ತಾರೆ, ‘ಅವನೇ ಇನ್ನೊಂದು ಲೈನಲ್ಲಿ ಬರ್ತಿದ್ದಾನೆ, ಮರ್ಜ್ ಮಾಡಿ’ ಅಂತಾರೆ. ಆ ಇನ್ನೊಂದು ಲೈನಲ್ಲಿ ಬರೋದು ಗೆಳೆಯ ಅಲ್ಲ, ಓಟಿಪಿ ಓದಿ ಹೇಳೋ ಬ್ಯಾಂಕಿನ ಸ್ವಯಂಚಾಲಿತ ಕರೆ. ನೀವು ಮರ್ಜ್ ಮಾಡಿದ್ರೆ ಅದು ಅವನ ಕಿವಿಗೂ ಬೀಳುತ್ತೆ. ಗುರುತಿಲ್ಲದವರು ಹೇಳಿದ್ರು ಅಂತ ಕರೆ ಮರ್ಜ್ ಮಾಡಬೇಡಿ, ಸ್ಕ್ರೀನ್ ಶೇರ್ ಮಾಡಬೇಡಿ, ಅಷ್ಟೇ. ಇನ್ನು, ಇದ್ದಕ್ಕಿದ್ದ ಹಾಗೆ ಸಿಮ್‌ಗೆ ಸಿಗ್ನಲ್ಲೇ ಇಲ್ಲ, ಪಕ್ಕದವರಿಗೆ ಅದೇ ಕಂಪನಿ ಸಿಗ್ತಿದೆ ಅಂದ್ರೆ ಸುಮ್ಮನೆ ಕಾಯಬೇಡಿ. ನಿಮ್ಮ ನಂಬರಿಗೆ ಬೇರೆಯವರು ಸಿಮ್ ತೆಗೆಸಿರಬಹುದು.

ಈಗ ನಾನು ನಿಜವಾಗಿ ಹೇಳಬೇಕಂತ ಬಂದ ವಿಷಯ. ಆ ಮೊದಲ 25,000 ಮತ್ತು 23,000 ಹೋಗಿ ಬಿದ್ದಿದ್ದು ಯಾರ ಖಾತೆಗೆ? ನಾನು ಯಾವುದೋ ದೊಡ್ಡ ಗ್ಯಾಂಗಿನ ನಾಯಕನನ್ನ ಊಹೆ ಮಾಡ್ಕೊಂಡಿದ್ದೆ. ಠಾಣೆಯಲ್ಲಿ ಹೇಳಿದ್ರು, ಹುಡುಗನಿಗೆ ಇಪ್ಪತ್ತು ವರ್ಷ, ಡಿಗ್ರಿ ಓದ್ತಿದ್ದಾನೆ. ನಮ್ಮ ರಾಜ್ಯದವನೇ. ಅವನಿಗೆ ಚಿಕ್ಕಮ್ಮ ಯಾರು ಅಂತ ಗೊತ್ತಿಲ್ಲ, ಎಪಿಕೆ ಮಾಡಿದವರು ಯಾರು ಅಂತಲೂ ಗೊತ್ತಿಲ್ಲ. ಟೆಲಿಗ್ರಾಂನಲ್ಲಿ ಸಿಕ್ಕ ಒಬ್ಬ ‘ಅಣ್ಣ’ನಿಗೆ ತನ್ನ ಬ್ಯಾಂಕ್ ಖಾತೆಯನ್ನ ತಿಂಗಳಿಗೆ 5,000 ರೂಪಾಯಿಗೆ ಬಾಡಿಗೆ ಕೊಟ್ಟಿದ್ದ. ಪಾಸ್‌ಬುಕ್, ಎಟಿಎಂ ಕಾರ್ಡ್, ಆ ಖಾತೆಗೆ ಜೋಡಿಸಿದ್ದ ಸಿಮ್, ಮೂರನ್ನೂ ಕೊರಿಯರ್ ಮಾಡಿದ್ದ. ‘ಗೇಮಿಂಗ್ ಕಂಪನಿ, ಟ್ಯಾಕ್ಸ್ ಉಳಿಸೋಕೆ ಬೇಕು, ನಿನಗೇನೂ ಆಗಲ್ಲ’ ಅಂದಿದ್ರಂತೆ.

ಇದಕ್ಕೆ ಮ್ಯೂಲ್ ಅಕೌಂಟ್ ಅಂತಾರೆ. ಮ್ಯೂಲ್ ಅಂದ್ರೆ ಹೇಸರಗತ್ತೆ, ಹೊರೆ ಹೊರೋ ಪ್ರಾಣಿ. ಹೊರೆಯಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿರಲ್ಲ, ಸಿಕ್ಕಿಬೀಳೋದು ಮಾತ್ರ ಅದೇ. ನೋಡಿ, ಕಳ್ಳ ಎಲ್ಲಿ ಬೇಕಾದ್ರೂ ಕೂತಿರಬಹುದು, ಹೊರದೇಶದಲ್ಲೇ ಇರಬಹುದು. ಆದರೆ ಕದ್ದ ದುಡ್ಡು ಇಳಿಯೋಕೆ ಅವನಿಗೆ ಇಲ್ಲಿನ ಖಾತೆ ಬೇಕು, ಅದೂ ಕೆವೈಸಿ ಸರಿ ಇರೋ, ಅನುಮಾನ ಬಾರದ ಖಾತೆ. ಅಂಥ ಖಾತೆ ಇರೋರು ಯಾರು? ವಿದ್ಯಾರ್ಥಿವೇತನಕ್ಕೆ ಅಂತ ಅಕೌಂಟ್ ಮಾಡಿಸಿ ಹಾಗೇ ಬಿಟ್ಟ ಹುಡುಗರು, ಕೆಲಸ ಹುಡುಕ್ತಿರೋರು, ಬಸ್ ಚಾರ್ಜಿಗೆ ಲೆಕ್ಕ ಹಾಕೋರು. ಅಂದ್ರೆ ನಾವೇ. ಈ ಖಾತೆಗಳಿಲ್ಲದೆ ಇಡೀ ದಂಧೆ ಒಂದು ದಿನವೂ ನಡೆಯಲ್ಲ. ಇಂಥ ಖಾತೆಗಳನ್ನ ಪತ್ತೆ ಹಚ್ಚೋಕೆ ಬೆಂಗಳೂರಿನಲ್ಲಿರೋ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ‘ಮ್ಯೂಲ್ ಹಂಟರ್’ ಅಂತ ಒಂದು ಎಐ ವ್ಯವಸ್ಥೆಯನ್ನೇ ಮಾಡಿದೆ.

ಬಾಡಿಗೆ ಅಂತಲೇ ಕೇಳ್ತಾರೆ ಅಂದ್ಕೋಬೇಡಿ. ‘ಮನೆಯಿಂದಲೇ ಕೆಲಸ, ನಿನ್ನ ಖಾತೆಗೆ ಬಂದ ದುಡ್ಡನ್ನ ಮುಂದೆ ಕಳಿಸು, ನೂರಕ್ಕೆ ಎರಡು ರೂಪಾಯಿ ನಿನಗೆ’ ಅಂತಾರೆ. ‘ನನ್ನ ಲಿಮಿಟ್ ಮುಗಿದಿದೆ, ನಿನ್ನ ಖಾತೆಗೆ ಹಾಕ್ತೀನಿ, ಕ್ಯಾಶ್ ಕೊಡು’ ಅಂತಾರೆ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರು ಹೀಗೆ ಕೇಳಿದ್ರೆ ಪಾಪ ಅನ್ನಿಸುತ್ತೆ. ಕೊಡಬೇಡಿ. ಕೆಲವು ಸಲ ‘ತಪ್ಪಿ ನಿಮ್ಮ ಖಾತೆಗೆ ಹಾಕಿಬಿಟ್ಟೆ, ಈ ನಂಬರಿಗೆ ವಾಪಸ್ ಕಳಿಸಿ’ ಅಂತ ಫೋನ್ ಬರುತ್ತೆ. ದುಡ್ಡು ನಿಜಕ್ಕೂ ಬಂದಿದ್ರೂ ನೀವಾಗಿ ಕಳಿಸಬೇಡಿ. ‘ನಿಮ್ಮ ಬ್ಯಾಂಕಿಗೆ ಹೇಳಿ, ಅವರು ನಮ್ಮ ಬ್ಯಾಂಕಿನ ಮೂಲಕ ತಗೊಳ್ಳಲಿ’ ಅನ್ನಿ. ನೀವೂ ನಿಮ್ಮ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. ಪ್ರಾಮಾಣಿಕರಾದ್ರೆ ಅವರಿಗೆ ಇದರಿಂದ ಏನೂ ನಷ್ಟ ಇಲ್ಲ.

ಕಾನೂನು ಏನನ್ನುತ್ತೆ? ಇನ್ನೊಬ್ಬರಂತೆ ನಟಿಸಿ ಕಂಪ್ಯೂಟರ್, ಫೋನ್ ಮೂಲಕ ಮೋಸ ಮಾಡಿದ್ರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಖಾತೆ ಕೊಟ್ಟವನ ಪಾಲು ಅದರಲ್ಲಿ ಎಷ್ಟು ಅಂತ ತೀರ್ಮಾನ ಆಗೋದು ಕೋರ್ಟಿನಲ್ಲಿ. ಆದರೆ ಪೊಲೀಸರು ಬಂದು ಬಾಗಿಲು ಬಡಿಯೋದು ಮೊದಲು ಅವನ ಮನೆಗೇ, ಯಾಕಂದ್ರೆ ದಾಖಲೆಯಲ್ಲಿ ಇರೋ ಹೆಸರು, ಫೋಟೋ, ಆಧಾರ್ ಎಲ್ಲ ಅವನದೇ. ಆ ಹುಡುಗನ ಖಾತೆ ತಡೆ ಹಿಡಿದ್ರು. ಅದಕ್ಕೆ ಬರಬೇಕಿದ್ದ ವಿದ್ಯಾರ್ಥಿವೇತನ ಅಲ್ಲೇ ಸಿಕ್ಕಿಹಾಕೊಳ್ತು. ಅವನ ಅಪ್ಪ ಠಾಣೆಗೆ ಬಂದು ‘ಆ 17,000 ನಾನೇ ಕೊಡ್ತೀನಿ, ಕೇಸ್ ಬೇಡ’ ಅಂತ ಕೇಳ್ಕೊಂಡ್ರು ಅಂತ ಕೇಳಿದೆ. ಚಿಕ್ಕಮ್ಮ ಅದನ್ನ ಕೇಳಿ ಅವತ್ತು ಊಟ ಮಾಡಲಿಲ್ಲ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ಒಮ್ಮೆ ನೋಡಿ. ನಂದು ಎರಡೇ ಅಂದ್ಕೊಂಡಿದ್ದೆ, ಮೂರು ಇತ್ತು. ಕಾಲೇಜಿನಲ್ಲಿ ಯಾವಾಗಲೋ ತಗೊಂಡು ಬಿಸಾಕಿದ್ದು, ಇನ್ನೂ ನನ್ನ ಹೆಸರಲ್ಲೇ ಇತ್ತು. ಅವತ್ತೇ ತೆಗೆಸಿದೆ. ಬಳಸದ ಹಳೇ ಬ್ಯಾಂಕ್ ಖಾತೆ ಇದ್ರೂ ಮುಚ್ಚಿಸಿಬಿಡಿ.

ನಾನು ನನ್ನ ಖಾತೆಗಳನ್ನ ಹೇಗೆ ಇಟ್ಕೊಂಡಿದ್ದೀನಿ ಅಂತ ಕೇಳಿದ್ರೆ, ಎರಡು ಮಾಡಿದ್ದೀನಿ. ಸಂಬಳ ಬರೋ ಖಾತೆ ಯಾವ ಯುಪಿಐ ಆ್ಯಪ್‌ಗೂ ಜೋಡಿಸಿಲ್ಲ. ಇನ್ನೊಂದರಲ್ಲಿ ವಾರಕ್ಕೆ ಬೇಕಾಗೋಷ್ಟು ಹಾಕ್ತೀನಿ, ಟೀ, ಬಸ್ಸು, ದಿನಸಿ ಎಲ್ಲ ಅದರಿಂದ. ಕಳ್ಳ ಬಂದ್ರೂ ಸಿಗೋದು ಎರಡು ಸಾವಿರ. ಕಾರ್ಡಿನ ಆನ್‌ಲೈನ್ ಬಳಕೆಯನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಆಫ್ ಮಾಡಿಟ್ಟಿದ್ದೀನಿ, ಏನಾದ್ರೂ ಕೊಳ್ಳುವಾಗ ಮಾತ್ರ ಆನ್. ರಗಳೆ ಅನ್ನಿಸುತ್ತೆ, ಹದಿನೈದು ದಿನದಲ್ಲಿ ಅಭ್ಯಾಸ ಆಗುತ್ತೆ. ಚಿಕ್ಕಮ್ಮನಿಗೂ ಹಾಗೇ ಮಾಡಿಕೊಟ್ಟೆ. ಅವರ ಫೋನನ್ನ ಪೂರ್ತಿ ಅಳಿಸಿ ಹೊಸದಾಗಿ ಮಾಡಬೇಕಾಯ್ತು, ಮಗಳ ನಾಮಕರಣದ ಫೋಟೋ ಹೋಯ್ತು ಅಂತ ದುಡ್ಡಿಗಿಂತ ಹೆಚ್ಚು ಬೇಜಾರು ಮಾಡ್ಕೊಂಡ್ರು.

ಠಾಣೆ ವಿಷಯ ಒಂದು ಬಿಟ್ಟೆ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನ ನೋಡಿಕೊಳ್ಳೋ ಸಿಇಎನ್ ಠಾಣೆಗಳಿವೆ, ಸೆನ್ ಠಾಣೆ ಅಂತಲೂ ಕರೀತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್, ಬಂದ ಮೆಸೇಜಿನ ಸ್ಕ್ರೀನ್‌ಶಾಟ್, 1930ರ ಸ್ವೀಕೃತಿ ನಂಬರು ತಗೊಂಡು ಹೋಗಿ. ಮೆಸೇಜನ್ನ ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ.

ತಡೆ ಹಿಡಿದಿದ್ದ 31,000 ರೂಪಾಯಿ ಕೋರ್ಟಿನ ಆದೇಶ ಆಗಿ ಕೈಗೆ ಬರೋಕೆ ಐದು ತಿಂಗಳು ಹಿಡೀತು. ಅಷ್ಟರಲ್ಲಿ ಹಾಸ್ಟೆಲ್ ಫೀಸನ್ನ ಚಿಕ್ಕಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕಟ್ಟಿದ್ರು. ಅಂದ ಹಾಗೆ, ಅವರಿಗೆ ವಿಷಯ ಹೇಳಿದ್ದು ಅವತ್ತು ಸಂಜೆ, ನಾನೇ. ಬೈತಾರೆ ಅಂತ ಚಿಕ್ಕಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ರಂತೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಫೋನ್ ತೆಗೆದು ತೋರಿಸಿದ್ರಂತೆ. ಅದೇ ದಂಡದ ಮೆಸೇಜು ಅವರಿಗೂ ಬಂದಿತ್ತು. ಮಧ್ಯಾಹ್ನ ಬಿಡುವಾದಾಗ ಕಟ್ಟೋಣ ಅಂತ ಇಟ್ಕೊಂಡಿದ್ರು.

ನಿಮ್ಮ ಮನೇಲೂ ಇಂಥದ್ದೇನಾದ್ರೂ ನಡೆದಿದ್ರೆ ನಮಗೆ ಬರೀರಿ, ಹೆಸರು ಹೇಳದೆ ಮುಂದಿನ ಸಂಚಿಕೆಯಲ್ಲಿ ಮಾತಾಡೋಣ. 1930, ಮತ್ತೆ ನಿಮ್ಮ ಕಾರ್ಡಿನ ಹಿಂದಿರೋ ಬ್ಯಾಂಕ್ ನಂಬರು, ಎರಡನ್ನೂ ಅಮ್ಮನ ಫೋನಿನಲ್ಲಿ ಇವತ್ತು ರಾತ್ರಿ ಸೇವ್ ಮಾಡಿಕೊಡಿ.